ವಿಜ್ಞಾನ ಮೇಳವೂ ಉಪಾಧ್ಯಾಯರ ನೆರವೂ: ಒಂದು ಐತಿಹಾಸಿಕ ವಿವೇಚನೆ

ಬೇಸಗೆಯ ರಜೆ ಕಳೆದು ಶಾಲೆಗಳು ತೆರೆದು, ಪಾಠಪ್ರವಚನಗಳು ಒಂದು ಹದಕ್ಕೆ ಬರುವ ವೇಳೆಗೆ ನಮ್ಮ ನಾಡಿನ ಊರೂರುಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ಸುದ್ದಿ ಮೊದಲಾಗುತ್ತದೆ. ಶಾಲೆಯ ದೊಡ್ಡ ಕೊಠಡಿಯಲ್ಲಿ ಮೇಜುಗಳನ್ನು ಸಾಲಾಗಿ ಜೋಡಿಸುತ್ತಾರೆ. ಅವುಗಳ ಮೇಲೆ ಥರ್ಮೋಕೋಲಿನ ಅಣೆಕಟ್ಟುಗಳೂ, ಅಡುಗೆ ಸೋಡದಿಂದ ಉಕ್ಕುವ ಜ್ವಾಲಾಮುಖಿಗಳೂ, ಬಣ್ಣದ ದೀಪಗಳ ಸೌರವ್ಯೂಹಗಳೂ ನೆಲಸುತ್ತವೆ. ಒಂದೊಂದು ಮೇಜಿನ ಹಿಂದೆಯೂ ಆರರಿಂದ ಎಂಟನೆಯ ತರಗತಿಯವರೆಗಿನ ಒಬ್ಬಿಬ್ಬರು ಮಕ್ಕಳು ನಿಂತು, ಬಂದವರಿಗೆಲ್ಲ ಕಂಠಪಾಠ ಮಾಡಿದ ನಾಲ್ಕು ಮಾತುಗಳನ್ನು ಒಪ್ಪಿಸುತ್ತಾರೆ. ಸಂಜೆಗೆ ಬಹುಮಾನ ವಿತರಣೆ. ಮರುದಿನ ಥರ್ಮೋಕೋಲು ಕಸದ ಗುಂಡಿಗೆ. ಈ ದೃಶ್ಯವು ನಮಗೆ ಅತಿಪರಿಚಿತವಾದುದರಿಂದ, ಇದಕ್ಕೂ ಒಂದು ಇತಿಹಾಸವಿದೆಯೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

ಶಿಕ್ಷಣಶಾಸ್ತ್ರಜ್ಞರು ವಿಚಾರಿಸಬೇಕಾದ ವಿಷಯವನ್ನು ಇತಿಹಾಸದ ಉಪನ್ಯಾಸಕನೊಬ್ಬನು ಏಕೆ ಕೈಗೆತ್ತಿಕೊಳ್ಳಬೇಕೆಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರವಿಷ್ಟೆ: ಯಾವುದೇ ಸಂಸ್ಥೆಯ ದೋಷವು ಅದರ ಹುಟ್ಟಿನಲ್ಲಿಯೇ ಬೆರೆತುಬಂದುದೋ ಅಥವಾ ಅನಂತರ ಅಂಟಿಕೊಂಡುದೋ ಎಂಬುದನ್ನು ನಿರ್ಣಯಿಸದೆ ಅದನ್ನು ತಿದ್ದುವುದು ಸಾಧ್ಯವಿಲ್ಲ, ಆ ನಿರ್ಣಯವು ಇತಿಹಾಸಕಾರನ ಕೆಲಸ. ವಿಜ್ಞಾನ ಮೇಳದ ವಿಷಯದಲ್ಲಿ ಎಲ್ಲರೂ ಬಲ್ಲ, ಆದರೆ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆಯೊಂದಿದೆ. ಮೇಜಿನ ಮೇಲಿರುವ ಕೆಲಸವು ಯಾರದು? ಮಗುವಿನದೋ, ಉಪಾಧ್ಯಾಯರದೋ, ತಂದೆತಾಯಿಗಳದೋ, ಅಥವಾ ಪೇಟೆಯಲ್ಲಿ ಸಿದ್ಧವಾಗಿ ದೊರೆಯುವ ಪೆಟ್ಟಿಗೆಯದೋ? ಹನ್ನೆರಡು ವರ್ಷದ ಮಗುವಿಗೆ ನೆರವು ಬೇಡವೆನ್ನುವುದು ನಿರ್ದಯೆಯಾದೀತು. ನೆರವಿಗೆ ಮೇರೆಯಿಲ್ಲವೆನ್ನುವುದು ಮಗುವಿನ ಕೆಲಸವನ್ನೇ ಕಸಿದಂತಾದೀತು. ಈ ಮೇರೆಯು ಎಲ್ಲಿರಬೇಕೆಂಬುದನ್ನು ಮೇಳದ ಇತಿಹಾಸದಿಂದಲೇ ತಿಳಿಯಲು ಪ್ರಯತ್ನಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಮೇಳದ ಮೂಲ, ಯೋಜನೆಯ ಮೂಲ

‘ವಿಜ್ಞಾನ ಮೇಳದ ಯೋಜನೆ’ ಎಂದು ನಾವು ಇಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಮೇಳ, ಯೋಜನೆ ಎಂಬ ಎರಡು ಮಾತುಗಳು ಬೇರೆಬೇರೆ ದಾರಿಗಳಿಂದ ಬಂದು ಶಾಲೆಯ ಅಂಗಳದಲ್ಲಿ ಕೂಡಿದಂಥವು. ಎರಡೂ ಹೊಲಗದ್ದೆಗಳಿಂದ ಬಂದುವೆಂಬುದು ಕುತೂಹಲಕರವಾದ ಸಂಗತಿ.

ಮೊದಲು ಮೇಳವನ್ನು ನೋಡೋಣ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಪಿಟ್ಸ್‌ಫೀಲ್ಡ್ ಎಂಬ ಊರಿನಲ್ಲಿ ಎಲ್ಕಾನಾ ವಾಟ್ಸನ್ ಎಂಬಾತನು ೧೮೦೭ರಲ್ಲಿ ತನ್ನ ಎರಡು ಮೆರಿನೊ ಕುರಿಗಳನ್ನು ಊರ ನಡುವೆ ಜನರ ನೋಟಕ್ಕೆ ನಿಲ್ಲಿಸಿದನು. ಉತ್ತಮ ಉಣ್ಣೆಯನ್ನು ಕಣ್ಣಾರೆ ಕಂಡ ರೈತರಿಗೆ ಅಂಥ ಕುರಿಗಳನ್ನು ಸಾಕುವ ಆಸೆ ಹುಟ್ಟಲೆಂಬುದು ಅವನ ಉದ್ದೇಶ. ೧೮೧೦ರಲ್ಲಿ ಅದೇ ಊರಿನಲ್ಲಿ ಅವನು ಜಾನುವಾರುಗಳ ಪ್ರದರ್ಶನವನ್ನೇರ್ಪಡಿಸಿದನು. ಬಹುಮಾನಗಳ ಆಕರ್ಷಣೆಯೂ ಸೇರಿ ಈ ಪದ್ಧತಿಯು ಬೇಗನೆ ಹಬ್ಬಿತು. ೧೮೨೮ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸ್ಥಾಪಿತವಾದ ‘ಅಮೆರಿಕನ್ ಇನ್‌ಸ್ಟಿಟ್ಯೂಟ್’ ಎಂಬ ಸಂಸ್ಥೆಯು ಇದೇ ಕ್ರಮವನ್ನು ಯಂತ್ರಗಳಿಗೂ ಕೈಗಾರಿಕೆಗಳಿಗೂ ಅನ್ವಯಿಸಿ ವಾರ್ಷಿಕ ಮೇಳಗಳನ್ನು ನಡೆಸಿತು. ೧೮೫೧ರಲ್ಲಿ ಲಂಡನ್ನಿನ ಸ್ಫಟಿಕಸೌಧದಲ್ಲಿ ನಡೆದ ಮಹಾಪ್ರದರ್ಶನವು ವಸ್ತುಪ್ರದರ್ಶನವೆಂಬುದಕ್ಕೆ ಜಗದ್ವ್ಯಾಪಿಯಾದ ಪ್ರತಿಷ್ಠೆಯನ್ನು ತಂದುಕೊಟ್ಟಿತು. ನಮ್ಮ ಮೈಸೂರಿನ ದಸರಾ ವಸ್ತುಪ್ರದರ್ಶನವೂ ಈ ವಿಶಾಲ ಪರಂಪರೆಗೆ ಸೇರಿದುದೇ.

ಈ ಮೇಳಗಳ ಒಂದು ಲಕ್ಷಣವನ್ನು ಇಲ್ಲಿ ಗುರುತಿಸಬೇಕು. ಕುರಿಯ ಉಣ್ಣೆಯನ್ನಾಗಲಿ ನೇಗಿಲಿನ ಗುಳವನ್ನಾಗಲಿ ನೋಡಿದ ಮಾತ್ರಕ್ಕೆ ಅದರ ಗುಣವನ್ನು ಬಹುಮಟ್ಟಿಗೆ ನಿರ್ಣಯಿಸಬಹುದು. ಅಲ್ಲಿ ಬಹುಮಾನವು ಸಿದ್ಧವಸ್ತುವಿಗೆ; ಅದನ್ನು ಸಿದ್ಧಪಡಿಸಿದವನು ಏನನ್ನು ಕಲಿತನೆಂದು ಕೇಳುವ ಅಗತ್ಯವಿರಲಿಲ್ಲ. ಕುರಿಯನ್ನು ಮೇಯಿಸಿದವನು ಯಜಮಾನನೋ ಆಳೋ ಎಂಬುದು ತೀರ್ಪುಗಾರನ ವಿಚಾರಣೆಗೆ ಸೇರಿದುದಲ್ಲ.

‘ಯೋಜನೆ’ಯ ಕಥೆಯು ಇದಕ್ಕೆ ತದ್ವಿರುದ್ಧವಾಗಿದೆ. ಅದೇ ಮ್ಯಾಸಚೂಸೆಟ್ಸಿನಲ್ಲಿ, ಸುಮಾರು ಒಂದು ಶತಮಾನದ ತರುವಾಯ, ನಾರ್ತಾಂಪ್ಟನ್ನಿನ ಕೃಷಿಶಾಲೆಯ ಮುಖ್ಯಸ್ಥನಾಗಿದ್ದ ರೂಫಸ್ ಸ್ಟಿಮ್ಸನ್ ಎಂಬಾತನು ೧೯೦೮ರ ಸುಮಾರಿನಲ್ಲಿ ‘ಮನೆಯ ಯೋಜನೆ’ ಎಂಬ ಪದ್ಧತಿಯನ್ನು ರೂಢಿಗೆ ತಂದನು. ಶಾಲೆಯಲ್ಲಿ ಕೃಷಿವಿಜ್ಞಾನವನ್ನು ಓದುವ ಹುಡುಗನು ತನ್ನ ಮನೆಯವರ ಭೂಮಿಯಲ್ಲಿಯೇ ಒಂದು ಬೆಳೆಯನ್ನೋ ಕೋಳಿಯ ಹಿಂಡನ್ನೋ ತನ್ನ ಹೊಣೆಯಲ್ಲಿ ಬೆಳೆಸಬೇಕು. ಮುಂಚಿತವಾಗಿ ಕೆಲಸದ ಕ್ರಮವನ್ನು ನಿಶ್ಚಯಿಸಬೇಕು. ಖರ್ಚುವೆಚ್ಚಗಳ ಲೆಕ್ಕವನ್ನು ಬರೆದಿಡಬೇಕು. ಉಪಾಧ್ಯಾಯನು ಆಗಾಗ ಹೊಲಕ್ಕೇ ಹೋಗಿ ಕೆಲಸವನ್ನು ನೋಡುವನು. ಅವನು ಕೇಳುವನು, ಎಚ್ಚರಿಸುವನು, ಪುಸ್ತಕದ ಪಾಠಕ್ಕೂ ಹೊಲದ ಪಾಠಕ್ಕೂ ಗಂಟುಹಾಕುವನು. ಆದರೆ ಹುಡುಗನ ಬದಲಿಗೆ ಉಳುವುದಿಲ್ಲ. ಈ ಮಾತು ಕೃಷಿಶಾಲೆಯಿಂದ ಸಾಮಾನ್ಯಶಿಕ್ಷಣಕ್ಕೆ ಬಂದು ನೆಲೆಗೊಂಡಿತು. ಕೊಲಂಬಿಯ ವಿಶ್ವವಿದ್ಯಾನಿಲಯದ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ ೧೯೧೮ರಲ್ಲಿ ‘ಯೋಜನಾ ಪದ್ಧತಿ’ ಎಂಬ ಪ್ರಬಂಧವನ್ನು ಪ್ರಕಟಿಸಿದ ಮೇಲೆ ಅದು ಅಧ್ಯಾಪನಶಾಸ್ತ್ರದ ಪ್ರಸಿದ್ಧ ಪರಿಭಾಷೆಯಾಯಿತು.

ಇವೆರಡರೊಡನೆ ಮೂರನೆಯ ಪ್ರವಾಹವೊಂದನ್ನು ಸೇರಿಸಬೇಕು. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹೆನ್ರಿ ಎಡ್ವರ್ಡ್ ಆರ್ಮ್‌ಸ್ಟ್ರಾಂಗ್ (೧೮೪೮–೧೯೩೭) ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವಯಂಶೋಧನ ಪದ್ಧತಿಯನ್ನು ಪ್ರತಿಪಾದಿಸಿ, ಮಕ್ಕಳನ್ನು ಕೇಳಿತಿಳಿಯುವವರ ಸ್ಥಾನದಿಂದ ಎತ್ತಿ ಶೋಧಕರ ಸ್ಥಾನದಲ್ಲಿರಿಸಬೇಕೆಂದು ವಾದಿಸಿದನು. ಅದೇ ಕಾಲಕ್ಕೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಲಿಬರ್ಟಿ ಹೈಡ್ ಬೈಲಿಯೂ ಅನ್ನ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕಳೂ ಪ್ರಕೃತಿಪರಿಚಯದ ಚಳವಳಿಯನ್ನು ನಡೆಸಿದರು. ಇವರ ಕೇಂದ್ರದಲ್ಲಿದ್ದುದು ಪ್ರಶ್ನೆ ಮತ್ತು ವೀಕ್ಷಣೆ, ಬಹುಮಾನವಲ್ಲ.

ಹೀಗೆ ಮೇಳವು ಪ್ರದರ್ಶನವನ್ನೂ, ಯೋಜನೆಯು ಹೊಣೆಯನ್ನೂ, ಸ್ವಯಂಶೋಧನೆಯು ಪ್ರಶ್ನೆಯನ್ನೂ ತಂದುವು. ಮೂರೂ ಒಂದೆಡೆ ಕೂಡಿದಾಗ ಯಾವುದು ಮೇಲುಗೈಯಾಗುವುದೆಂಬುದೇ ಮುಂದಿನ ಇತಿಹಾಸ.

೨. ನ್ಯೂಯಾರ್ಕಿನ ಮಕ್ಕಳ ಮೇಳ

ಮೇಲೆ ಹೇಳಿದ ಅಮೆರಿಕನ್ ಇನ್‌ಸ್ಟಿಟ್ಯೂಟಿನ ಕೈಗಾರಿಕಾ ಮೇಳಗಳು ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ತಮ್ಮ ಪೂರ್ವದ ಮಹತ್ತ್ವವನ್ನು ಕಳೆದುಕೊಂಡಿದ್ದುವು. ಆ ಸಂಸ್ಥೆಯು ೧೯೨೮ರಲ್ಲಿ ಮಕ್ಕಳ ಕಡೆಗೆ ತಿರುಗಿ, ನ್ಯೂಯಾರ್ಕಿನ ಪ್ರಕೃತಿ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಮೊದಲ ‘ಮಕ್ಕಳ ಮೇಳ’ವನ್ನು ನಡೆಸಿತು. ಶಾಲಾಮಕ್ಕಳ ವಿಜ್ಞಾನ ಮೇಳಗಳ ಪರಂಪರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಎಣಿಸುತ್ತಾರೆ. ಆರಂಭದ ವರ್ಷಗಳಲ್ಲಿ ಅಲ್ಲಿ ಸಸ್ಯಗಳಿಗೂ ಕೃಷಿಗೂ ಪ್ರಕೃತಿಸಂರಕ್ಷಣೆಗೂ ಸಂಬಂಧಿಸಿದ ವಸ್ತುಗಳು ಪ್ರಧಾನವಾಗಿದ್ದುವೆಂಬುದು ಪ್ರಕೃತಿಪರಿಚಯದ ಚಳವಳಿಯ ಪ್ರಭಾವವನ್ನು ಸೂಚಿಸುತ್ತದೆ. ನಗರದ ಇಕ್ಕಟ್ಟಿನ ಬೀದಿಗಳಲ್ಲಿ ಬೆಳೆಯುವ ಮಗುವಿಗೆ ಮಣ್ಣಿನ ಮತ್ತು ಮರಗಿಡಗಳ ಪರಿಚಯವಾಗಬೇಕೆಂಬುದು ಅದರ ಹಿಂದಿದ್ದ ಕಾಳಜಿ.

೧೯೩೦ರ ದಶಕದಲ್ಲಿ ಇದರ ಸುತ್ತ ಶಾಲಾ ವಿಜ್ಞಾನ ಸಂಘಗಳು ಬೆಳೆದುವು. ಮೇಳವು ವರ್ಷಕ್ಕೊಮ್ಮೆ ಬರುವ ಹಬ್ಬವಾದರೆ ಸಂಘವು ವರ್ಷವಿಡೀ ನಡೆಯುವ ಕೃಷಿ. ವಾರವಾರವೂ ಕೂಡುವ ಸಂಘದಲ್ಲಿ ವಿದ್ಯಾರ್ಥಿಯ ಅರೆಬರೆ ಪ್ರಯತ್ನಗಳು, ಸೋಲುಗಳು, ಜೊತೆಗಾರರ ಆಕ್ಷೇಪಗಳು ಎಲ್ಲಕ್ಕೂ ಎಡೆಯಿರುತ್ತದೆ. ೧೯೩೯–೪೦ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಶ್ವಪ್ರದರ್ಶನದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಕಟ್ಟಡದೊಳಗೆ ವಿದ್ಯಾರ್ಥಿಗಳು ಸಾರ್ವಜನಿಕರ ಎದುರಿನಲ್ಲಿಯೇ ಪ್ರಯೋಗಗಳನ್ನು ಮಾಡಿತೋರಿಸಿದರು. ಇಲ್ಲಿ ಒಂದು ತಿರುವನ್ನು ನಾವು ಕಾಣುತ್ತೇವೆ. ಶಾಲೆಯ ಕೆಲಸವು ಲಕ್ಷಾಂತರ ಜನರ ನೋಟಕ್ಕೂ ಉದ್ಯಮಗಳ ಆಸಕ್ತಿಗೂ ವಸ್ತುವಾಯಿತು. ಗಿಡವನ್ನು ಬೆಳೆಸುವ ಮಗುವಿಗಿಂತ ಉಪಕರಣವನ್ನು ನಡೆಸುವ ತರುಣನು ಹೆಚ್ಚು ಶೋಭಿಸಿದನು.

೩. ಪ್ರತಿಭಾಶೋಧನೆಯ ಕಾಲ

ದ್ವಿತೀಯ ಮಹಾಯುದ್ಧವು ಈ ತಿರುವನ್ನು ಪೂರ್ಣಗೊಳಿಸಿತು. ವಾಷಿಂಗ್ಟನ್ನಿನ ‘ಸೈನ್ಸ್ ಸರ್ವಿಸ್’ ಎಂಬ ಸಂಸ್ಥೆಯು ವೈಜ್ಞಾನಿಕ ವಾರ್ತೆಗಳನ್ನು ಪತ್ರಿಕೆಗಳಿಗೆ ಒದಗಿಸುವುದಕ್ಕಾಗಿ ೧೯೨೧ರಲ್ಲಿ ಸ್ಥಾಪಿತವಾದುದು. ವಾಟ್ಸನ್ ಡೇವಿಸ್ ಎಂಬಾತನ ನೇತೃತ್ವದಲ್ಲಿ ಅದು ೧೯೪೧ರಲ್ಲಿ ವಿಜ್ಞಾನ ಸಂಘಗಳ ಹೊಣೆಯನ್ನು ವಹಿಸಿಕೊಂಡು ಅವನ್ನು ರಾಷ್ಟ್ರವ್ಯಾಪಿಯಾಗಿಸಿತು. ೧೯೪೨ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ನೆರವಿನಿಂದ ಪ್ರತಿಭಾಶೋಧನಾ ಸ್ಪರ್ಧೆಯು ಆರಂಭವಾಯಿತು. ೧೯೫೦ರಲ್ಲಿ ಫಿಲಡೆಲ್ಫಿಯದಲ್ಲಿ ಪ್ರಥಮ ರಾಷ್ಟ್ರೀಯ ವಿಜ್ಞಾನ ಮೇಳವು ಮೂವತ್ತು ಮಂದಿ ವಿದ್ಯಾರ್ಥಿಗಳಿಂದ ನಡೆಯಿತು. ೧೯೫೭ನೆಯ ಅಕ್ಟೋಬರ್ ೪ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಕೃತಕ ಉಪಗ್ರಹವನ್ನು ಹಾರಿಸಿದಾಗ ಅಮೆರಿಕದಲ್ಲಿ ಉಂಟಾದ ತಲ್ಲಣವು ಸುಪ್ರಸಿದ್ಧವಾಗಿದೆ. ಮರುವರ್ಷವೇ ರಾಷ್ಟ್ರರಕ್ಷಣಾ ಶಿಕ್ಷಣ ಶಾಸನವು ಜಾರಿಗೆ ಬಂದಿತು. ಅದೇ ೧೯೫೮ರಲ್ಲಿ ರಾಷ್ಟ್ರೀಯ ಮೇಳದಲ್ಲಿ ಅನ್ಯದೇಶಗಳ ವಿದ್ಯಾರ್ಥಿಗಳೂ ಭಾಗವಹಿಸಿ, ಅದು ಕ್ರಮೇಣ ಅಂತರರಾಷ್ಟ್ರೀಯ ಮೇಳವಾಗಿ ಬೆಳೆಯಿತು.

ಈ ಬೆಳವಣಿಗೆಯಿಂದ ಉಪಕಾರವಾಗಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಬಡಮನೆಗಳ ಎಷ್ಟೋ ತರುಣರಿಗೆ ಉನ್ನತ ವಿದ್ಯಾಭ್ಯಾಸದ ಬಾಗಿಲನ್ನು ಈ ಸ್ಪರ್ಧೆಗಳು ತೆರೆದುವು. ಆದರೆ ಮೇಳದ ಉದ್ದೇಶವೇ ಬದಲಾಯಿತೆಂಬುದನ್ನು ಗಮನಿಸಬೇಕು. ಎಲ್ಲ ಮಕ್ಕಳಿಗೂ ವಿಜ್ಞಾನದ ರುಚಿಯನ್ನು ಹತ್ತಿಸುವ ಏರ್ಪಾಡು, ಕೆಲವರನ್ನು ಆರಿಸಿಕೊಳ್ಳುವ ಏರ್ಪಾಡಾಗಿ ಪರಿಣಮಿಸಿತು. ಆರಿಸುವ ಕೆಲಸ ಬಂದೊಡನೆ ಗೆಲ್ಲುವ ಆತುರವೂ, ಗೆಲ್ಲುವ ಆತುರ ಬಂದೊಡನೆ ಹಿರಿಯರ ಕೈವಾಡವೂ ಬರುವುದು ಸ್ವಾಭಾವಿಕ. ಮೇಲ್ಮಟ್ಟದ ಈ ಸ್ಪರ್ಧೆಗಳೆಲ್ಲ ಪ್ರೌಢಶಾಲೆಯ ತರುಣರನ್ನು ಕುರಿತವು. ಮಾಧ್ಯಮಿಕ ಶಾಲೆಯ ಮಕ್ಕಳಿಗಾಗಿಯೇ ಸೈನ್ಸ್ ಸರ್ವಿಸ್ ಸಂಸ್ಥೆಯು ಪ್ರತ್ಯೇಕವಾದ ರಾಷ್ಟ್ರೀಯ ಸ್ಪರ್ಧೆಯೊಂದನ್ನು ಏರ್ಪಡಿಸಿದ್ದು ೧೯೯೯ರಲ್ಲಿ. ಅಂದರೆ ಹಿರಿಯರ ಅಂಗಿಯನ್ನು ಕಿರಿಯರಿಗೆ ತೊಡಿಸಿದ ಅರ್ಧ ಶತಮಾನದ ಮೇಲೆ ಕಿರಿಯರ ಅಳತೆಯನ್ನು ತೆಗೆದುಕೊಂಡಂತಾಯಿತು.

೪. ಭಾರತದಲ್ಲಿಯೂ ಕರ್ಣಾಟಕದಲ್ಲಿಯೂ

ನಮ್ಮ ದೇಶದಲ್ಲಿ ಈ ಸಂಸ್ಥೆಯು ಬರಿಯ ಅನುಕರಣೆಯಾಗಿ ಬಂದಿತೆಂದು ಭಾವಿಸಬೇಕಾದುದಿಲ್ಲ. ೧೯೩೭ರ ವಾರ್ಧಾ ಶಿಕ್ಷಣಯೋಜನೆಯಲ್ಲಿ ಕೈಕಸಬಿನ ಮೂಲಕವೇ ವಿದ್ಯೆಯನ್ನು ಕಲಿಸಬೇಕೆಂಬ ತತ್ತ್ವವು ಪ್ರತಿಪಾದಿತವಾಗಿತ್ತು. ಮಗುವು ತಾನೇ ಮಾಡಿದ ಕೆಲಸದಿಂದ ಕಲಿಯಬೇಕೆಂಬ ಮಾತು ಆ ಮೊದಲೇ ನಮ್ಮ ಕಿವಿಗೆ ಬಿದ್ದಿದ್ದಿತು. ಕನ್ನಡ ನಾಡಿನಲ್ಲಿಯೂ ನೆಲ ಹದಗೊಂಡಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ೧೯೧೮ರಲ್ಲಿ ಬೆಂಗಳೂರಿನಿಂದ ‘ವಿಜ್ಞಾನ’ವೆಂಬ ಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಲು ಸಾಧ್ಯವೆಂಬುದನ್ನು ತೋರಿಸಿಕೊಟ್ಟಿದ್ದರು. ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಸಂಪುಟಗಳು ೧೯೩೦ರ ದಶಕದಲ್ಲಿಯೇ ಮಕ್ಕಳ ಕೈಸೇರಿದ್ದುವು.

ಸ್ವಾತಂತ್ರ್ಯಾನಂತರ ಪ್ರೌಢಶಿಕ್ಷಣದ ಸುಧಾರಣೆಯ ಅಂಗವಾಗಿ ಶಾಲೆಗಳಲ್ಲಿ ವಿಜ್ಞಾನ ಸಂಘಗಳಿಗೂ ಮೇಳಗಳಿಗೂ ಪ್ರೋತ್ಸಾಹ ದೊರೆಯಿತು. ೧೯೫೮ರ ಮಾರ್ಚಿಯಲ್ಲಿ ಭಾರತ ಸರ್ಕಾರವು ವಿಜ್ಞಾನನೀತಿಯ ನಿರ್ಣಯವನ್ನು ಅಂಗೀಕರಿಸಿತು. ೧೯೬೧ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಸ್ಥಾಪನೆಗೊಂಡು, ೧೯೬೩ರಲ್ಲಿ ವಿಜ್ಞಾನ ಪ್ರತಿಭಾಶೋಧನೆಯನ್ನು ಆರಂಭಿಸಿತು. ಆರಂಭದ ವರ್ಷಗಳಲ್ಲಿ ಆ ಶೋಧನೆಯಲ್ಲಿ ಅಭ್ಯರ್ಥಿಯು ತಾನು ಕೈಗೊಂಡ ಯೋಜನೆಯ ವರದಿಯನ್ನೂ ಸಲ್ಲಿಸಬೇಕಾಗಿತ್ತು. ೧೯೭೧ರಿಂದ ಅದೇ ಪರಿಷತ್ತು ಮಕ್ಕಳ ರಾಷ್ಟ್ರೀಯ ವಿಜ್ಞಾನ ಪ್ರದರ್ಶನವನ್ನು ನಡೆಸತೊಡಗಿತು. ಬೆಂಗಳೂರಿನಲ್ಲಿ ೧೯೬೨ರಲ್ಲಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟಿತವಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು ದಕ್ಷಿಣ ಭಾರತದ ಶಾಲಾಮಕ್ಕಳ ಮೇಳಗಳಿಗೆ ಆಸರೆಯಾಯಿತು. ೧೯೭೬ರ ಸಂವಿಧಾನದ ತಿದ್ದುಪಡಿಯಿಂದ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಯ ಮೂಲಕರ್ತವ್ಯಗಳಲ್ಲಿ ಒಂದೆಂದು ಸೇರ್ಪಡೆಯಾಯಿತು. ೧೯೭೮ರಿಂದ ‘ಬಾಲ ವಿಜ್ಞಾನ’ ಮಾಸಪತ್ರಿಕೆಯೂ, ೧೯೮೦ರಿಂದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತೂ ಈ ಕಾರ್ಯವನ್ನು ಹಳ್ಳಿಗಳವರೆಗೆ ಕೊಂಡೊಯ್ದುವು.

ಮಾಧ್ಯಮಿಕ ಶಾಲೆಗಳಿಗೆ ಸಂಬಂಧಿಸಿದಂತೆ ಇವೆಲ್ಲಕ್ಕಿಂತ ಮಹತ್ತ್ವದ ಪ್ರಯೋಗವು ನಡೆದುದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ. ಆ ಜಿಲ್ಲೆಗೆ ೨೦೨೨ರಿಂದ ನರ್ಮದಾಪುರಂ ಎಂದು ಹೆಸರಾಗಿದೆ. ೧೯೭೨ರಲ್ಲಿ ‘ಕಿಶೋರ್ ಭಾರತಿ’ ಮತ್ತು ರಸೂಲಿಯಾ ಗ್ರಾಮದ ‘ಫ್ರೆಂಡ್ಸ್ ರೂರಲ್ ಸೆಂಟರ್’ ಎಂಬ ಎರಡು ಸಂಸ್ಥೆಗಳು ಸರ್ಕಾರದ ಒಪ್ಪಿಗೆಯನ್ನು ಪಡೆದು ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಹೊಸ ರೀತಿಯ ವಿಜ್ಞಾನಬೋಧನೆಯನ್ನು ಆರಂಭಿಸಿದುವು. ವಿಶ್ವವಿದ್ಯಾನಿಲಯಗಳ ಅಧ್ಯಾಪಕರೂ ಸಂಶೋಧನಾಲಯಗಳ ವಿಜ್ಞಾನಿಗಳೂ ಹಳ್ಳಿಯ ಉಪಾಧ್ಯಾಯರೊಡನೆ ಕುಳಿತು ಪಾಠಗಳನ್ನು ರಚಿಸಿದರು. ‘ಬಾಲ ವೈಜ್ಞಾನಿಕ’ವೆಂಬ ಪುಸ್ತಕದಲ್ಲಿ ಸಿದ್ಧಾಂತಗಳ ಬದಲಿಗೆ ಮಾಡಬೇಕಾದ ಪ್ರಯೋಗಗಳೂ ಉತ್ತರಿಸಬೇಕಾದ ಪ್ರಶ್ನೆಗಳೂ ಇದ್ದುವು. ಮಕ್ಕಳು ಸಣ್ಣ ತಂಡಗಳಾಗಿ ಅಗ್ಗದ ಉಪಕರಣಗಳಿಂದ ಪ್ರಯೋಗ ಮಾಡುತ್ತಿದ್ದರು; ಸುತ್ತಲ ಹೊಲಗಳಿಗೆ ಹೋಗಿ ಬರುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕವನ್ನು ತೆರೆದು ನೋಡಲು ಅವಕಾಶವಿದ್ದು, ಕೈಯಿಂದ ಮಾಡಿತೋರಿಸುವ ಭಾಗವೂ ಇರುತ್ತಿತ್ತು. ‘ಸವಾಲೀರಾಮ’ನೆಂಬ ಕಲ್ಪಿತ ಪುರುಷನ ಹೆಸರಿಗೆ ಮಕ್ಕಳು ತಮ್ಮ ಸಂದೇಹಗಳನ್ನು ಪತ್ರದಲ್ಲಿ ಬರೆದು ಕೇಳಬಹುದಾಗಿತ್ತು. ೧೯೭೮ರಲ್ಲಿ ಇಡೀ ಜಿಲ್ಲೆಗೆ ವಿಸ್ತರಿಸಿದ ಈ ಕಾರ್ಯಕ್ರಮವನ್ನು ೧೯೮೨ರಲ್ಲಿ ಸ್ಥಾಪಿತವಾದ ‘ಏಕಲವ್ಯ’ ಸಂಸ್ಥೆಯು ಮುಂದುವರಿಸಿತು. ೨೦೦೨ರಲ್ಲಿ ರಾಜ್ಯ ಸರ್ಕಾರವು ಅದನ್ನು ನಿಲ್ಲಿಸಿತು. ಮೂವತ್ತು ವರ್ಷಗಳ ಕಾಲ ಸಾಮಾನ್ಯ ಸರ್ಕಾರಿ ಶಾಲೆಗಳ ಮಕ್ಕಳು, ಬಹುಮಾನದ ಆಸೆಯಿಲ್ಲದೆ, ತಮ್ಮ ಕೈಯಿಂದಲೇ ಪ್ರಯೋಗಗಳನ್ನು ಮಾಡಿದರೆಂಬ ಸಂಗತಿಯು ‘ಈ ವಯಸ್ಸಿನವರಿಂದ ಇದೆಲ್ಲ ಆಗದು’ ಎಂಬ ಆಕ್ಷೇಪಕ್ಕೆ ಸಾಕಾದಷ್ಟು ಉತ್ತರವಾಗಿದೆ.

೧೯೯೩ರಿಂದ ನಡೆದುಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನು ಇದರ ಜೊತೆಯಲ್ಲಿ ನೆನೆಯಬೇಕು. ಅಲ್ಲಿ ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳು ತಂಡವಾಗಿ ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿಕೊಂಡು, ಮಾರ್ಗದರ್ಶಕರೊಬ್ಬರ ಜೊತೆಯಲ್ಲಿ ಅಧ್ಯಯನ ಮಾಡಿ, ತಮ್ಮ ನುಡಿಯಲ್ಲಿಯೇ ವರದಿಯನ್ನು ಮಂಡಿಸಬಹುದು. ದಿನಚರಿಯ ಪುಸ್ತಕವೂ ಅಲ್ಲಿ ಅವಶ್ಯಕ. ಯೋಜನೆ, ಲೆಕ್ಕ, ವರದಿ ಎಂಬ ಆ ಹಳೆಯ ಕೃಷಿಶಾಲೆಯ ಕ್ರಮವು ಇಲ್ಲಿ ಪುನಃ ತಲೆಯೆತ್ತಿದಂತೆ ತೋರುತ್ತದೆ.

೫. ನೆರವಿನ ಮೇರೆ

ಇಲ್ಲಿ ಸ್ವಾನುಭವದ ಒಂದು ಸಂಗತಿಯನ್ನು ನಿವೇದಿಸಲು ಓದುಗರ ಅಪ್ಪಣೆಯನ್ನು ಬೇಡುತ್ತೇನೆ. ಕೆಲವು ವರ್ಷಗಳ ಹಿಂದೆ ತಾಲ್ಲೂಕು ಮಟ್ಟದ ಪ್ರದರ್ಶನವೊಂದಕ್ಕೆ ತೀರ್ಪುಗಾರರಲ್ಲಿ ಒಬ್ಬರು ಬಾರದೆ ಹೋದುದರಿಂದ, ಹತ್ತಿರದ ಕಾಲೇಜಿನಲ್ಲಿದ್ದ ನನ್ನನ್ನು ಕರೆದೊಯ್ದರು. ಒಂದು ಮೇಜಿನ ಮೇಲೆ ಜಲವಿದ್ಯುತ್ ಕೇಂದ್ರದ ಸೊಗಸಾದ ಮಾದರಿಯಿತ್ತು; ನೀರು ಬೀಳುತ್ತಿತ್ತು, ಚಕ್ರ ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು. ಅದರ ಹಿಂದೆ ನಿಂತಿದ್ದ ಹುಡುಗನು ನಿರರ್ಗಳವಾಗಿ ಮಾತನಾಡಿದನು. ಅದರ ಪಕ್ಕದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಎಂಟು ತೆಂಗಿನ ಚಿಪ್ಪುಗಳಲ್ಲಿ ಅವರೆಯ ಸಸಿಗಳನ್ನಿಟ್ಟುಕೊಂಡು ಕುಳಿತಿದ್ದಳು. ಅವುಗಳಲ್ಲಿ ಐದು ಬಾಡಿದ್ದುವು. ಉಪ್ಪುನೀರನ್ನು ಬೇರೆಬೇರೆ ಪ್ರಮಾಣದಲ್ಲಿ ಹಾಕಿದರೆ ಸಸಿಯು ಎಷ್ಟರವರೆಗೆ ತಾಳುತ್ತದೆಂದು ಅವಳು ನೋಡುತ್ತಿದ್ದಳಂತೆ. ಅವಳ ಊರಿನ ಕೊಳವೆಬಾವಿಯ ನೀರು ಸವುಳು. ಪಕ್ಕದಲ್ಲಿ ಮಡಿಚಿಟ್ಟ ಒಂದು ಪುಸ್ತಕವಿತ್ತು. ಅದನ್ನು ನಾವು ಯಾರೂ ಬಿಚ್ಚಿ ನೋಡಲಿಲ್ಲ. ಪ್ರಥಮ ಬಹುಮಾನವನ್ನು ಜಲವಿದ್ಯುತ್ತಿಗೆ ಕೊಟ್ಟೆವು. ಸಭೆಯ ಅನಂತರ ಚಹಾ ಕುಡಿಯುತ್ತಿದ್ದಾಗ, ಆ ಮಾದರಿಯನ್ನು ಬಡಗಿಯೊಬ್ಬನಿಂದ ಮಾಡಿಸಿದುದೆಂದು ಹುಡುಗನ ಮನೆಯವರೇ ಹೆಮ್ಮೆಯಿಂದ ತಿಳಿಸಿದರು. ಹುಡುಗಿಯನ್ನು ಹುಡುಕಿಕೊಂಡು ಹೋದೆ. ಅವಳು ಊರಿನ ಬಸ್ಸು ಹಿಡಿದು ಹೋಗಿಯಾಗಿತ್ತು.

ಇತಿಹಾಸದ ಅಧ್ಯಾಪಕನಾದ ನನಗೆ ಈ ತಪ್ಪು ವಿಶೇಷವಾಗಿ ನಾಚಿಕೆಯನ್ನುಂಟುಮಾಡಿತು. ರಾಜರ ಪ್ರಶಸ್ತಿಶಾಸನಗಳನ್ನು ಅಕ್ಷರಶಃ ನಂಬಬಾರದೆಂದು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಬೋಧಿಸುವವನು ನಾನು. ಶಾಸನವು ರಾಜನು ತೋರಿಸಬಯಸಿದುದನ್ನು ತೋರಿಸುತ್ತದೆ. ವರ್ತಕರೂ ಮಠಗಳೂ ಇಟ್ಟ ಕಡತಗಳಾದರೋ ಅಂದಂದಿನ ಆಯವ್ಯಯವನ್ನು ಅಂದಂದೇ ದಾಖಲಿಸುತ್ತವೆ. ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಆ ಮಂಕಾದ ಸಾಲುಗಳಲ್ಲಿ ಅಲಂಕಾರವಿಲ್ಲ. ಆದರೆ ಆರ್ಥಿಕ ಇತಿಹಾಸವನ್ನು ಬರೆಯುವವನಿಗೆ ಅವೇ ಆಧಾರ. ಮೇಳದ ಮೇಜಿನ ಮೇಲೆ ಬಣ್ಣದ ಮಾದರಿಯೂ ನಕ್ಷೆಯೂ ಪ್ರಶಸ್ತಿಯಿದ್ದಂತೆ; ಮಗುವಿನ ದಿನಚರಿಯು ಕಡತವಿದ್ದಂತೆ. ನಾನು ಪ್ರಶಸ್ತಿಯನ್ನು ಓದಿ ಕಡತವನ್ನು ಮಡಿಚಿಟ್ಟುಬಿಟ್ಟೆ.

ಈ ದೃಷ್ಟಿಯಿಂದ ಉಪಾಧ್ಯಾಯರ ನೆರವನ್ನು ವಿವೇಚಿಸಿದರೆ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಪ್ರಶ್ನೆಯ ಆಯ್ಕೆ. ಮಗುವು ತರುವ ಪ್ರಶ್ನೆಯು ಸಾಮಾನ್ಯವಾಗಿ ‘ಏಕೆ’ ಎಂಬ ರೂಪದಲ್ಲಿರುತ್ತದೆ. ‘ಮಣ್ಣಿನ ಮಡಕೆಯ ನೀರು ಏಕೆ ತಣ್ಣಗಿರುತ್ತದೆ?’ ಎಂಬುದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಉಪಾಧ್ಯಾಯರು ಇದಕ್ಕೆ ಉತ್ತರವನ್ನು ಹೇಳಿಬಿಟ್ಟರೆ ಯೋಜನೆಯು ಅಲ್ಲಿಗೇ ಮುಗಿಯಿತು. ಬದಲಾಗಿ, ‘ಎಷ್ಟು ತಣ್ಣಗಿರುತ್ತದೆ? ಯಾವಾಗ ಹೆಚ್ಚು, ಯಾವಾಗ ಕಡಮೆ? ಸ್ಟೀಲಿನ ಪಾತ್ರೆಯಲ್ಲಿಯೂ ಹಾಗೆಯೇ ಆಗುವುದೆ?’ ಎಂದು ಮರುಪ್ರಶ್ನೆ ಹಾಕಿದರೆ ‘ಏಕೆ’ಯು ‘ಎಷ್ಟು’ ಆಗುತ್ತದೆ, ಅಳೆಯಲು ಸಾಧ್ಯವಾಗುತ್ತದೆ. ಒಂದೇ ಅಳತೆಯ ನೀರನ್ನು ನೆನೆಸಿದ ಮಡಕೆಯೊಂದರಲ್ಲಿಯೂ ಸ್ಟೀಲಿನ ಪಾತ್ರೆಯೊಂದರಲ್ಲಿಯೂ ತುಂಬಿ, ಒಂದೇ ನೆರಳಿನಲ್ಲಿಟ್ಟು, ಬೆಳಗಿನ ಹತ್ತರಿಂದ ಸಂಜೆಯ ನಾಲ್ಕರವರೆಗೆ ಎರಡು ಗಂಟೆಗೊಮ್ಮೆ ಉಷ್ಣಮಾಪಕದಿಂದ ನೋಡಿದರೆ ಅಂತರವು ತಾನಾಗಿ ಕಾಣುತ್ತದೆ. ಪಾತ್ರೆಗಳನ್ನು ಬೆಳಗ್ಗೆಯೂ ಸಂಜೆಯೂ ತೂಗಿದರೆ ಮಡಕೆಯು ನೀರನ್ನು ಕಳೆದುಕೊಂಡಿರುವುದು ತಿಳಿಯುತ್ತದೆ. ಮೋಡ ಕವಿದ ತೇವದ ದಿನದಲ್ಲಿ ತಂಪು ಕಡಮೆಯೆಂದು ಕಂಡಾಗ, ಆವಿಯಾಗುವಿಕೆಗೂ ತಂಪಿಗೂ ಇರುವ ಸಂಬಂಧವನ್ನು ಮಗುವು ಓದಿ ತಿಳಿಯುವುದಿಲ್ಲ, ಕಂಡು ತಿಳಿಯುತ್ತದೆ. ಇದಕ್ಕೆ ತಗಲುವ ವೆಚ್ಚವು ಒಂದು ಉಷ್ಣಮಾಪಕದ್ದು. ತಕ್ಕಡಿಯನ್ನು ದಿನಸಿ ಅಂಗಡಿಯವರೇ ಕೊಟ್ಟಾರು.

ಎರಡನೆಯದು, ಒಂದು ಬಾರಿಗೆ ಒಂದನ್ನೇ ಬದಲಿಸಬೇಕೆಂಬ ನಿಯಮ. ಮಡಕೆಯನ್ನು ನೆರಳಿನಲ್ಲಿಯೂ ಪಾತ್ರೆಯನ್ನು ಬಿಸಿಲಿನಲ್ಲಿಯೂ ಇಟ್ಟರೆ ಫಲದಿಂದ ಏನೂ ಸಿದ್ಧವಾಗುವುದಿಲ್ಲ. ಈ ವಯಸ್ಸಿನ ಮಕ್ಕಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಉಪಾಧ್ಯಾಯರು ತಪ್ಪನ್ನು ತಾವೇ ತಿದ್ದದೆ, ‘ನಿನ್ನ ಗೆಳೆಯ ಈ ಫಲವನ್ನು ಒಪ್ಪದಿದ್ದರೆ ಅವನು ಯಾವುದನ್ನು ಹಿಡಿದು ಜಗಳವಾಡಿಯಾನು?’ ಎಂದು ಕೇಳುವುದು ಮೇಲು. ವಿಜ್ಞಾನ ಸಂಘದ ಉಪಯೋಗವೂ ಇದೇ.

ಮೂರನೆಯದು, ಕಾಲದ ವಿಂಗಡಣೆ. ಪ್ರದರ್ಶನಕ್ಕೆ ಒಂದು ವಾರವಿದೆಯೆನ್ನುವಾಗ ಆರಂಭಿಸಿದ ಕೆಲಸವು ಬಡಗಿಯ ಮನೆಗೆ ಹೋಗದೆ ವಿಧಿಯಿಲ್ಲ. ಪ್ರದರ್ಶನದ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಆರು ವಾರಗಳನ್ನಾದರೂ ಇಟ್ಟುಕೊಳ್ಳಬೇಕು: ಪ್ರಶ್ನೆಗೆ ಒಂದು ವಾರ; ಪರೀಕ್ಷಾರ್ಥವಾಗಿ ಒಮ್ಮೆ ಮಾಡಿ ಎಡವುವುದಕ್ಕೆ ಒಂದು ವಾರ; ನಿಜವಾದ ವೀಕ್ಷಣೆಗೆ ಎರಡು ವಾರ; ಅಂಕಿಗಳನ್ನು ಕೋಷ್ಟಕಕ್ಕೂ ರೇಖಾನಕ್ಷೆಗೂ ಇಳಿಸಿ ಅರ್ಥಮಾಡಿಕೊಳ್ಳುವುದಕ್ಕೆ ಒಂದು ವಾರ; ಬರೆದು ಅಂಟಿಸಿ ಸಿಂಗರಿಸುವುದಕ್ಕೆ ಕೊನೆಯ ವಾರ. ಬೀಜ ಮೊಳೆಯುವ ಪ್ರಯೋಗವಾದರೆ ಇನ್ನೂ ಹೆಚ್ಚು ಕಾಲ ಬೇಕು. ಯೋಜನೆಯು ಬೇಸಾಯದಿಂದ ಹುಟ್ಟಿದುದೆಂಬುದನ್ನು ಮರೆಯಬಾರದು, ಬೇಸಾಯಕ್ಕೆ ಹಂಗಾಮುಂಟು.

ನಾಲ್ಕನೆಯದು, ದಿನಚರಿ. ಅಂದಂದಿನ ಅಂಕಿಯನ್ನು ಅಂದೇ, ಮಗುವಿನ ಕೈಬರಹದಲ್ಲಿಯೇ, ತಪ್ಪಿದ್ದರೆ ಅಳಿಸದೆ ಗೆರೆಹೊಡೆದು ಬರೆಯಿಸಬೇಕು. ಥರ್ಮಾಮೀಟರು ಒಡೆದ ದಿನ, ಬೆಕ್ಕು ಪಾತ್ರೆಯನ್ನುರುಳಿಸಿದ ದಿನ, ಮರೆತ ದಿನ, ಎಲ್ಲವೂ ಅದರಲ್ಲಿರಲಿ. ಉಪಾಧ್ಯಾಯರು ವಾರಕ್ಕೊಮ್ಮೆ ನೋಡಿ ರುಜು ಹಾಕಿದರೆ ಸಾಕು. ಅವರ ನೆರವಿನ ಮೇರೆ ಆ ರುಜುವಿನಲ್ಲಿದೆ. ಊಹೆಯು ಸುಳ್ಳಾದರೆ ಯೋಜನೆಯು ಸೋತಿತೆಂದು ಮಗುವು ತಿಳಿಯುತ್ತದೆ; ಹಾಗಲ್ಲವೆಂದು ಹೇಳುವುದು ಉಪಾಧ್ಯಾಯರ ಅತಿಮುಖ್ಯವಾದ ಕರ್ತವ್ಯ. ಬಾಡಿದ ಐದು ಸಸಿಗಳೇ ಆ ಹುಡುಗಿಯ ಫಲಿತಾಂಶವಾಗಿದ್ದುವು.

ಕೊನೆಯದು, ತೀರ್ಪು. ತೀರ್ಪುಗಾರರು ಮಾದರಿಗಿಂತ ಮೊದಲು ದಿನಚರಿಯನ್ನು ಬಿಚ್ಚಬೇಕು. ಕಂಠಪಾಠಕ್ಕೆ ಕಿವಿಗೊಡದೆ, ‘ನೀನು ನೆನೆಯದಿದ್ದುದು ಏನಾಯಿತು? 
ಮತ್ತೊಮ್ಮೆ ಮಾಡುವುದಾದರೆ ಏನನ್ನು ಬದಲಿಸುವೆ?’ ಎಂಬ ಎರಡು ಪ್ರಶ್ನೆಗಳನ್ನು ಕೇಳಬೇಕು. ತಾನೇ ಕೆಲಸ ಮಾಡಿದ ಮಗುವಿನ ಮುಖವು ಈ ಪ್ರಶ್ನೆಗಳಿಗೆ ಅರಳುತ್ತದೆ; ಮಾಡಿಸಿಕೊಂಡ ಮಗುವು ತಂದೆಯ ಮುಖವನ್ನು ನೋಡುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿತವಾಗುವುದಿಷ್ಟು. ವಿಜ್ಞಾನ ಮೇಳದ ದೋಷವು ಅದಕ್ಕೆ ಇತ್ತೀಚೆಗೆ ತಗಲಿದ ಜಾಡ್ಯವಲ್ಲ. ಸಿದ್ಧವಸ್ತುವಿಗೆ ಬಹುಮಾನ ಕೊಡುವ ಜಾನುವಾರು ಪ್ರದರ್ಶನದ ಕಾಲದಿಂದಲೂ ಅದು ಜೊತೆಯಲ್ಲಿಯೇ ಬಂದಿದೆ. ಆದರೆ ಅದರ ಮದ್ದೂ ಅದೇ ಹೊಲದಲ್ಲಿ ಬೆಳೆದಿದೆ. ಯೋಜನೆಯ ಹೊಣೆ, ಲೆಕ್ಕದ ಪುಸ್ತಕ, ಹೊಲಕ್ಕೆ ಬಂದು ಪ್ರಶ್ನಿಸಿ ಹೋಗುವ ಉಪಾಧ್ಯಾಯ, ಇವೂ ಪರಂಪರೆಗೆ ಸೇರಿದವೇ. ಮೇಳವನ್ನು ನಿಲ್ಲಿಸಬೇಕಾದುದಿಲ್ಲ, ಹಬ್ಬವಿಲ್ಲದೆ ಮಕ್ಕಳಿಗೆ ಉತ್ಸಾಹವಿರುವುದಿಲ್ಲ. ಹಬ್ಬದ ಹಿಂದಿನ ಆರು ವಾರಗಳ ದುಡಿಮೆಯು ಮಗುವಿನದಾಗಿರುವಂತೆ ನೋಡಿಕೊಳ್ಳಬೇಕಾಗಿದೆ.

ಈ ಪತ್ರಿಕೆಯನ್ನು ಓದುವ ಕಾಲೇಜು ಅಧ್ಯಾಪಕರಲ್ಲಿ ಎಷ್ಟೋ ಮಂದಿಗೆ ಬರುವ ವರ್ಷವೂ ತೀರ್ಪುಗಾರರಾಗಿ ಹೋಗುವ ಕರೆ ಬರಬಹುದು; ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಮುಂದೆ ಶಾಲೆಗಳ ಉಪಾಧ್ಯಾಯರಾಗಲಿರುವವರು. ಅವರಲ್ಲಿ ನನ್ನ ಬಿನ್ನಹವಿಷ್ಟೆ: ಮೇಜಿನ ಮೂಲೆಯಲ್ಲಿ ಮಡಿಚಿಟ್ಟ ಪುಸ್ತಕವೊಂದು ಕಂಡರೆ ದಯವಿಟ್ಟು ಅದನ್ನು ಬಿಚ್ಚಿ ನೋಡಿರಿ.